ಕಡಲ ನಡುವೆ ಹುಟ್ಟಿದವರು

ತ್ರಾಸಿ
1 ಸೆಪ್ಟೆಂಬರ್ 2003

ಶ್ರೀ ಸುಧಾಕರ ಅವರಿಗೆ,

ನಮಸ್ಕಾರ. ನಾನು ತ್ರಾಸಿಯ ಉಮಾವತಿ. 1999ರ ಫೆಬ್ರವರಿಯಲ್ಲಿ ನೀವು, ನಿಮ್ಮ ತಾಯಿ ಮತ್ತು ನಿಮ್ಮ ಸೋದರಮಾವ ಗಣಪ ಅವರು ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದಿರಿ. ಆ ದಿನ ನಮ್ಮ ಜಗಲಿಯ ಕಂಪ್ಯೂಟರಿನಲ್ಲಿ ನಿಮ್ಮ ಜಾತಕವನ್ನೂ ನನ್ನ ಜಾತಕವನ್ನೂ ಹಾಕಿ ನೋಡಿ, ಕೂಡಿಬರುವುದಿಲ್ಲ ಎಂಬ ಹಾಳೆಯನ್ನು ನಾನೇ ಅಚ್ಚು ತೆಗೆದು ಕೊಟ್ಟಿದ್ದೆ.

ಆ ಹಾಳೆಯಲ್ಲಿ ತಪ್ಪಿದೆ. ಅದನ್ನು ತಿಳಿಸಲು ಈ ಪತ್ರ.

ತಪ್ಪು ನಿಮ್ಮದೊಂದರಲ್ಲೇ ಆದದ್ದಲ್ಲ. ಆ ವರ್ಷದ ಜನವರಿಯಿಂದ ಈಚೆಗೆ ನಮ್ಮಲ್ಲಿ ತೆಗೆದ ಯಾವ ಜಾತಕವನ್ನೂ ನಂಬುವ ಹಾಗಿಲ್ಲ. ಜಾತಕದ ಪ್ರೋಗ್ರಾಮಿಗೆ ಹುಟ್ಟಿದ ದಿನ, ಹೊತ್ತು ಮತ್ತು ಊರು ಬೇಕು. ಯಾವ ಊರು ಭೂಮಿಯ ಮೇಲೆ ಎಲ್ಲಿದೆ ಎಂಬ ವಿವರ ಒಂದು ಬೇರೆ ಫೈಲಿನಲ್ಲಿರುತ್ತದೆ. ಕಂಪ್ಯೂಟರಿಗೆ ವೈರಸ್ ಬಂದು ಅದನ್ನು ತೆಗೆಸಿದಾಗ ಆ ಫೈಲೂ ಅಳಿಸಿಹೋಗಿತ್ತು. ಪ್ರೋಗ್ರಾಂ ನಿಲ್ಲಲಿಲ್ಲ, ತಪ್ಪಾಗಿದೆ ಎಂದು ಹೇಳಲೂ ಇಲ್ಲ. ನಾವುಂದ ಎಂದು ಬರೆದರೆ ಹಾಳೆಯಲ್ಲಿ ನಾವುಂದ ಎಂದೇ ಬರುತ್ತಿತ್ತು. ಒಳಗಿನ ಲೆಕ್ಕದಲ್ಲಿ ಮಾತ್ರ ಎಲ್ಲರ ಊರೂ ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ. ಗಡಿಯಾರವೂ ಅಲ್ಲಿಯದೇ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಇದರಿಂದ ಕೆಲವರ ನಕ್ಷತ್ರ ಸರಿಯಾಗಿಯೇ ಬಂದಿದೆ, ಕೆಲವರದ್ದು ಮುಂದಿನ ನಕ್ಷತ್ರಕ್ಕೆ ಜಾರಿದೆ.

ಜಾತಕ ತೆಗೆಸಿಕೊಂಡ ಎಲ್ಲರಿಗೂ ಇದೇ ಪತ್ರ ಬರೆಯುತ್ತಿದ್ದೇನೆ. ಆ ಹಾಳೆ ನಿಮ್ಮಲ್ಲಿ ಇನ್ನೂ ಇದ್ದರೆ ದಯವಿಟ್ಟು ಹರಿದುಹಾಕಿ. ಸರಿಯಾದ ಪ್ರತಿ ಬೇಕಿದ್ದರೆ ತಿಳಿಸಿ, ಕಳುಹಿಸುತ್ತೇನೆ. ಇಷ್ಟು ವರ್ಷಗಳ ಮೇಲೆ ನಿಮಗೆ ಅದರ ಅಗತ್ಯ ಇಲ್ಲದಿರಲೂಬಹುದು.

ಇತಿ,
ಉಮಾವತಿ
(ವಿಳಾಸ: ಶೈಲೇಶರ ಮನೆ, ತ್ರಾಸಿ)


ರತ್ನಾಗಿರಿ
22 ಸೆಪ್ಟೆಂಬರ್ 2003

ಉಮಾವತಿ ಅವರಿಗೆ,

ನಿಮ್ಮ ಪತ್ರ ನಾವುಂದಕ್ಕೆ ಹೋಗಿ, ಅಲ್ಲಿಂದ ನನ್ನ ತಾಯಿ, ಅಬ್ಬಿ, ಅದನ್ನು ಗಂಗೊಳ್ಳಿಯ ಮೀನಿನ ಲಾರಿಯವರ ಕೈಯಲ್ಲಿ ಕಳುಹಿಸಿ, ಮೊನ್ನೆ ನನಗೆ ತಲುಪಿತು. ನಾನು ಇಲ್ಲಿ ಬಂದರಿನ ಹತ್ತಿರ ಐಸ್ ಪ್ಲಾಂಟ್ ನೋಡಿಕೊಳ್ಳುತ್ತಿದ್ದೇನೆ. ನೀವು ಕೊಟ್ಟ ಹಾಳೆ ನನ್ನ ಬಳಿ ಇದೆ. ಹರಿದಿಲ್ಲ.

ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಎಲ್ಲಿ ಬರುತ್ತದೆ ಎಂದು ಇಲ್ಲಿನ ಶಾಲೆಯ ಭೂಪಟದಲ್ಲಿ ನೋಡಿದೆ. ಆಫ್ರಿಕಾದ ಪಡುವಣ ಬದಿಯಲ್ಲಿ, ಕಡಲಿನ ನಡುವೆ. ನೆಲವೇ ಇಲ್ಲ. ಹಾಗಾದರೆ ಆ ದಿನದ ಲೆಕ್ಕದಲ್ಲಿ ನೀವೂ ನಾನೂ ಒಂದೇ ಕಡೆ ಹುಟ್ಟಿದವರು.

ನಮ್ಮ ಆಫೀಸಿನ ಕಂಪ್ಯೂಟರಿಗೂ ಹೋದ ತಿಂಗಳು ಏನೋ ಬಂದಿತ್ತು. ಪರದೆಯ ಮೇಲೆ ಒಂದು ಚೌಕ ಕಾಣಿಸಿಕೊಂಡು, ಒಂದು ನಿಮಿಷದಿಂದ ಕೆಳಗೆ ಎಣಿಸುತ್ತ ಹೋಗಿ, ತಾನೇ ಆರಿಹೋಗುತ್ತಿತ್ತು. ಮಾಲೀಕರು ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಇಂಟರ್‌ನೆಟ್ಟಿನ ವೈರು ಕಿತ್ತಿಟ್ಟ ಮೇಲೆ ನಿಂತಿತು. ನಿಂಬೆಹಣ್ಣಿನಿಂದ ನಿಂತಿತು ಎಂದು ಅವರು ಈಗಲೂ ಹೇಳುತ್ತಾರೆ.

ನಿಮಗೆ ತಪ್ಪು ಗೊತ್ತಾದದ್ದು ಹೇಗೆ? ನಾಲ್ಕು ವರ್ಷ ಯಾರೂ ಕೇಳಲಿಲ್ಲವೇ?

ಸುಧಾಕರ


ತ್ರಾಸಿ
2 ಅಕ್ಟೋಬರ್ 2003

ಸುಧಾಕರ ಅವರಿಗೆ,

ಕೇಳಿದವರಿದ್ದರು. ಭಟ್ಟರು ಹೇಳಿದ ನಕ್ಷತ್ರ ಬೇರೆ ಬಂತಲ್ಲ ಎಂದು ಒಂದಿಬ್ಬರು ಬಂದಿದ್ದರು. ಮೆಷಿನ್ ತಪ್ಪುವುದಿಲ್ಲ ಎಂದು ನಾನೇ ಹೇಳಿ ಕಳುಹಿಸಿದ್ದೆ.

ಈ ಸಲ ಅಷ್ಟಮಿಯ ಮರುದಿನ ಸಂಜೆ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ಇಡೀ ದಿನ ರೋಹಿಣಿ. ಕೃಷ್ಣನ ನಕ್ಷತ್ರ ಎಂದು ಎಲ್ಲರಿಗೂ ಸಂತೋಷ. ನಾನು ಜಾತಕ ಹಾಕಿದರೆ ಮೃಗಶಿರಾ ಎಂದು ಬಂತು. ಮತ್ತೆ ಹಾಕಿದೆ, ಮತ್ತೆ ಮೃಗಶಿರಾ. ಊರನ್ನು ತ್ರಾಸಿಯ ಬದಲು ಡೆಲ್ಲಿ ಎಂದು ಹಾಕಿದೆ, ಆಮೇಲೆ ಸುಮ್ಮನೆ ಅಮೆರಿಕ ಎಂದು ಹಾಕಿದೆ. ಗಂಟೆ ನಿಮಿಷಕ್ಕೆ ಸರಿಯಾಗಿ ಅದೇ ಉತ್ತರ. ಎಲ್ಲಿ ಹುಟ್ಟಿದರೂ ಒಂದೇ ಎಂದಾಗ ಅನುಮಾನ ಬಂತು.

ಕಂಪ್ಯೂಟರಿನ ಡಬ್ಬಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋದೆ. ಅದನ್ನು ಜೋಡಿಸಿಕೊಟ್ಟವನು ಅಲ್ಲಿಯ ಪ್ರೇಮಾನಂದ. ನಾಲ್ಕು ವರ್ಷದ ಹಿಂದೆ ವೈರಸ್ ತೆಗೆದವನೂ ಅವನೇ. ಯಾರದೋ ಮದುವೆ ಕಾಗದದ ಫ್ಲಾಪಿಯಿಂದ ಬಂದದ್ದು ಅದು. ಅವನು ನೋಡಿ, ವೈರಸ್ ತೆಗೆಯುವ ಪ್ರೋಗ್ರಾಂ ಆ ಊರುಗಳ ಫೈಲನ್ನೂ ಕೆಟ್ಟದ್ದೆಂದು ಬಿಸಾಡಿದೆ ಎಂದ. "ಹಾಂಗಾರೆ ಜಾತ್ಕದ ಪ್ರೋಗ್ರಾಂ ಫೈಲ್ ಇಲ್ಲೆ ಅಂದೇಳಿ ಹೇಳ್ಕ್ ಅಲ್ದಾ?" ಎಂದು ಕೇಳಿದೆ.

"ಕಾಪಿ ಸಿ.ಡಿ. ಅಲ್ದಾ ಉಮಕ್ಕ. ದುಡ್ಡ್ ಕೊಟ್ ತಂದದ್ದಾರೆ ಬಾಯಿ ಬಿಟ್ ಹೇಳ್ತಿತ್ತ್. ಕದ್ ತಂದದ್ ಬಾಯಿ ಬಿಡ್ತಾ?"

ನಗುತ್ತಲೇ ಹೇಳಿದ. ಫೈಲು ಹಾಕಿಕೊಟ್ಟ.

ಪತ್ರ ಬರೆದದ್ದಕ್ಕೆ ಊರಿನವರು ನನ್ನನ್ನು ನೋಡಿ ನಗುತ್ತಿದ್ದಾರೆ. ನಮ್ಮಲ್ಲಿ ಜಾತಕ ಕೂಡಿಸಿ ಮದುವೆಯಾದ ಮರವಂತೆಯ ಸೀತು ದಾರಿಯಲ್ಲಿ ತಡೆದು, "ಮದಿ ಆಯಿ ಎರ್ಡ್ ಮಕ್ಳಾಯ್ತ್. ಈಗ ನಿನ್ ಕಂಪ್ಯೂಟರ್ ಬಂದ್ ಗಂಡನ್ನ ವಾಪಸ್ ತಕಂಡ್ ಹೋತ್ತಾ ಹೆಣೇ? ಹೋತ್ತಾರೆ ಹೇಳ್, ಇವತ್ತೇ ಗಂಟ್ ಕಟ್ಟಿ ಇಡ್ತೆ" ಎಂದಳು.

ಇ-ಮೇಲ್ ಇದೆಯೇ ಎಂದು ನೀವು ಕೇಳಲಿಲ್ಲ. ಇದ್ದರೂ ಬಳಸುತ್ತಿಲ್ಲ. ವೈರಸ್ ಈಗ ಅದರಲ್ಲೇ ಬರುವುದಂತೆ. ಕಾಗದವೇ ಒಳ್ಳೆಯದು.

ಉಮಾವತಿ


ರತ್ನಾಗಿರಿ
16 ಅಕ್ಟೋಬರ್ 2003

ಉಮಾವತಿ ಅವರಿಗೆ,

ಬಸ್ಸಿನಲ್ಲಿ ಡಬ್ಬಿ ಹೊತ್ತುಕೊಂಡು ಹೋದದ್ದನ್ನು ಓದಿ, ಆ ಜಗಲಿ ಕಣ್ಣಮುಂದೆ ಬಂತು. ನನಗೆ ನೆನಪಿರುವುದನ್ನು ಬರೆಯಲೇ?

ಎಲ್ಲರೂ ಕಾಫಿ ಕುಡಿದು ಕುಳಿತಿದ್ದರು. ನಿಮ್ಮ ಅಣ್ಣ ಕುಷ್ಟಣ್ಣ ಮೆಷಿನಿನ ಮೇಲಿನ ಬಟ್ಟೆ ತೆಗೆದು, "ಉಮ, ನೀನೇ ಕೂಕೋ" ಎಂದರು. ನೀವು ದಿನ ಬರೆದಿರಿ, ಊರು ಬರೆದಿರಿ, ಹುಟ್ಟಿದ ಹೊತ್ತು ಕೇಳಿದಿರಿ. ಅಬ್ಬಿ, "ಊರಿನರೆಲ್ಲ ಕಡಲ್ ಬದಿಯಂಗೆ ರಂಪಣಿ ಬಲಿ ಎಳೀತಾ ಇದ್ದಿರ್" ಎಂದರು. ಹೊತ್ತು ಕೇಳಿದರೆ ಮೀನಿನ ಬಲೆಯ ಮಾತು ಬಂತೆಂದು ಎಲ್ಲರೂ ನಕ್ಕರು. ಕುಷ್ಟಣ್ಣ, "ಹಾಂಗೆಲ್ಲ ಬರೂಕೆ ಆತಿಲ್ಲೆ ಅಮ್ಮ, ಗಂಟಿ ಮಿಂಟ್ ಬೇಕ್. ಖಾಲಿ ಬಿಟ್ರೆ ಮುಂದ್ ಹೋತಿಲ್ಲೆ" ಎಂದರು. ಗಣಪ ಮಾವ, "ಹತ್ ಗಂಟಿ ಅಂದ್ ಹಾಕಿ ಕಾಂಬ" ಎಂದರು. ಹತ್ತು ಬಂದದ್ದು ಹಾಗೆ.

ಆಮೇಲೆ ನೀವು ಪರದೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಿರಿ. ನಾಡಿ ಒಂದೇ ಆಯಿತು, ಕೂಡುವುದಿಲ್ಲ ಎಂದಿರಿ. ಓದಿ ಹೇಳುವ ದನಿಯಲ್ಲೇ ಹೇಳಿದಿರಿ. ಪ್ರಿಂಟರ್ ಒಂದೊಂದೇ ಸಾಲು ಕುಟ್ಟಿತು. ದಾರಿಯಲ್ಲಿ ಅಬ್ಬಿ, ಇನ್ನೊಬ್ಬರ ಹತ್ತಿರ ಕೇಳುವುದಲ್ಲವೇ ಎಂದಾಗ ಮಾವ ಹೇಳಿದ್ದು: "ಭಟ್ರ್ ಹೇಳ್ದದ್ದಾರೆ ಇನ್ನೊಬ್ರ್ ಭಟ್ರ ಹತ್ರ ಹೋಪುಕಿತ್ತ್. ಇದ್ ಅಚ್ಚಾಯಿ ಬಂದದ್ದ್."

ಇಷ್ಟು ವಿವರವಾಗಿ ಬರೆಯಬೇಕೆಂದುಕೊಂಡಿರಲಿಲ್ಲ.

ಒಂದು ಉಪಕಾರ ಆಗಬೇಕು. ಮೆಷಿನ್ ಸರಿಯಾಗಿದೆಯಲ್ಲ, ಒಂದು ಹೊಸ ಜಾತಕ ಬೇಕಿತ್ತು. ಹೆಸರು ನಿಖಿತಾ. ಹುಟ್ಟಿದ್ದು ರತ್ನಾಗಿರಿಯಲ್ಲೇ, 2002ರ ಮೇ 9, ಬೆಳಿಗ್ಗೆ 7 ಗಂಟೆ 10 ನಿಮಿಷ. ಆಸ್ಪತ್ರೆಯ ಗಡಿಯಾರ, ಅಂದಾಜಲ್ಲ. ನನ್ನ ಹೆಗಲ ಮೇಲೆ ಕುಳಿತೇ ಅವಳು ಬಂದರನ್ನು ನೋಡುವುದು.

ಸುಧಾಕರ


ತ್ರಾಸಿ
30 ಅಕ್ಟೋಬರ್ 2003

ಶ್ರೀ ಸುಧಾಕರ ಅವರಿಗೆ,

ನಮಸ್ಕಾರ. ಕೇಳಿದ ಜಾತಕವನ್ನು ಇದರೊಂದಿಗೆ ಇಟ್ಟಿದ್ದೇನೆ. ರತ್ನಾಗಿರಿಯ ಅಕ್ಷಾಂಶ ರೇಖಾಂಶವನ್ನು ಬೇರೆಯಾಗಿ ಪರಿಶೀಲಿಸಿದ್ದೇನೆ. ಪಂಚಾಂಗದೊಂದಿಗೂ ಹೋಲಿಸಿದ್ದೇನೆ. ತಪ್ಪಿಲ್ಲ.

ಮಗುವಿಗೆ ಒಳ್ಳೆಯದಾಗಲಿ.

ಇತಿ,
ಉಮಾವತಿ


ರತ್ನಾಗಿರಿ
4 ಜನವರಿ 2004

ಉಮಾವತಿ ಅವರಿಗೆ,

ನಿಖಿತಾಳ ಜಾತಕ ತಲುಪಿ ಎರಡು ತಿಂಗಳಾಯಿತು. ನವೆಂಬರಿನಲ್ಲಿ ಬರೆದ ಪತ್ರಕ್ಕೂ ಡಿಸೆಂಬರಿನಲ್ಲಿ ಬರೆದದ್ದಕ್ಕೂ ಉತ್ತರ ಬರಲಿಲ್ಲ. ಮೊದಲು ಅಂಚೆಯವರನ್ನು ಬೈದೆ. ಆಮೇಲೆ ನಿಮ್ಮ ಹಳೆಯ ಲಕೋಟೆ ತೆಗೆದು ಶೈಲೇಶರ ಮನೆ ಎಂಬ ವಿಳಾಸ ಓದಿದಾಗ ತಿಳಿಯಿತು.

ಜಗಲಿಯ ವಿಷಯವನ್ನೆಲ್ಲ ನಾನು ಬರೆಯಬಾರದಿತ್ತು. ಶೈಲೇಶರು ಅದನ್ನು ಓದಿರಬಹುದು ಎಂಬುದು ಆಗ ನನಗೆ ಹೊಳೆಯಲಿಲ್ಲ. ನಿಮಗೆ ಮನೆಯಲ್ಲಿ ತೊಂದರೆಯಾಗಿದ್ದರೆ ಕ್ಷಮಿಸಿ. ಅಷ್ಟಮಿಯ ಮರುದಿನ ಹುಟ್ಟಿದ ಮಗುವಿಗೆ ಹೊಸ ಹಲ್ಲು ಬಂದಿರಬೇಕು.

ಇನ್ನು ಬರೆಯುವುದಿಲ್ಲ.

ಸುಧಾಕರ


ತ್ರಾಸಿ
19 ಜನವರಿ 2004

ಸುಧಾಕರ ಅವರಿಗೆ,

ಶೈಲೇಶ ನನ್ನ ಅಣ್ಣ. ಮನೆಯಲ್ಲಿ ಅವನನ್ನು ಕುಷ್ಟ ಎಂದು ಕರೆಯುವುದು. ನೀವು ಕುಷ್ಟಣ್ಣ ಎಂದು ಬರೆದವರೇ ಶೈಲೇಶ. ಅಷ್ಟಮಿಯ ಮರುದಿನ ಹುಟ್ಟಿದ್ದು ಅವನ ಮಗ. ಹಲ್ಲು ಬಂದಿಲ್ಲ. ನನ್ನ ಪತ್ರಗಳನ್ನು ಈ ಮನೆಯಲ್ಲಿ ಯಾರೂ ಓದುವುದಿಲ್ಲ.

ನನಗೆ ಮದುವೆ ಆಗಿಲ್ಲ. ಇದನ್ನು ಯಾವ ಪತ್ರದಲ್ಲಾದರೂ ಒಂದು ಸಾಲು ಬರೆಯಬಹುದಿತ್ತು. ಬರೆದರೆ ಏನೋ ಕೇಳಿದ ಹಾಗಾಗುತ್ತದೆ ಎಂದು ಬಿಟ್ಟೆ. ನೋಡಲು ಬಂದವರಿದ್ದರು. ಎರಡು ಕಡೆ ಮೆಷಿನ್ ಕೂಡುತ್ತದೆ ಎಂದೇ ಹೇಳಿತ್ತು. ಆಗ ನಾನು ಬೇಡ ಎಂದೆ. ಮೆಷಿನಿನಲ್ಲಿ ಬಂದದ್ದನ್ನು ಬೇಡ ಎನ್ನಲು ಇವಳಾರು ಎಂದು ಅಣ್ಣನಿಗೆ ಈಗಲೂ ಸಿಟ್ಟಿದೆ.

ಉತ್ತರ ಬರೆಯದೆ ಉಳಿದದ್ದಕ್ಕೆ ಕಾರಣ ನೀವು ಅಂದುಕೊಂಡದ್ದಲ್ಲ. ಅದನ್ನು ಬರೆಯುವುದು ಬೇಡ. ನಿಖಿತಾಳಿಗೂ ಅವಳ ತಾಯಿಗೂ ನನ್ನ ನಮಸ್ಕಾರ ತಿಳಿಸಿ.

ಉಮಾವತಿ


ರತ್ನಾಗಿರಿ
31 ಜನವರಿ 2004

ಉಮಾವತಿ ಅವರೇ,

ತಿಳಿಸಿದೆ. ನಿಖಿತಾಳ ತಾಯಿ ಕಮಲ, ನನ್ನ ತಂಗಿ. ಅವಳ ಗಂಡನೂ ಇದೇ ಐಸ್ ಪ್ಲಾಂಟಿನಲ್ಲಿದ್ದಾನೆ. ನಾವೆಲ್ಲ ಒಂದೇ ಮನೆಯಲ್ಲಿರುವುದು. ನಿಮ್ಮ ಪತ್ರವನ್ನು ಅವಳಿಗೆ ಓದಿ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಗೆರಸೆಯನ್ನು ಕೆಳಗಿಟ್ಟು, "ಅಣ್ಣ, ನಂಗ್ ನಮಸ್ಕಾರ ಎಂತಕ್ಕ್? ನಿಂಗೆ ಒಂದ್ ಮಗು ಇತ್ತಂದ್ ಆ ಹೆಣ್ಣ್ ತಿಳ್ಕಂಡಿತ್ತ್. ತಂಗಿ ಮಗಳ್ ಅಂದೇಳಿ ಬರೂಕೆ ನಿಂಗೆ ಶಾಯಿ ಮುಗ್ದಿತ್ತಾ?" ಎಂದಳು.

ನನಗೂ ಮದುವೆ ಆಗಿಲ್ಲ. ಮಾವ ಆಮೇಲೆ ಎರಡು ಕಡೆ ಕರೆದುಕೊಂಡು ಹೋಗಿದ್ದರು. ನಾನು ಹೋಗಿ ಕುಳಿತು ಬಂದೆ, ಅಷ್ಟೇ. ಮೂರನೆಯದಕ್ಕೆ ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ಅಲ್ಲಿಂದ ಮುಂದೆ ಅವರು ಕೇಳುವುದನ್ನು ಬಿಟ್ಟರು.

ಇಲ್ಲಿ ಬೆಳಿಗ್ಗೆ ದೋಣಿಗಳು ಬರುವಾಗ ದಡದಲ್ಲಿ ನಿಂತವರೆಲ್ಲ ಮರಾಠಿಯಲ್ಲಿ ಕೂಗುತ್ತಾರೆ. ನಡುವೆ ಒಂದೊಂದು ಸಲ ನಮ್ಮ ಕಡೆಯವರು ಯಾರೋ ಹ್ವಾಯ್ ಎನ್ನುತ್ತಾರೆ. ನಾನು ತಿರುಗಿ ನೋಡುತ್ತೇನೆ. ನನ್ನನ್ನು ಕರೆದದ್ದಲ್ಲ ಎಂದು ಗೊತ್ತಿದ್ದೂ ನೋಡುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಲಾರಿಯವನು ನಿಮ್ಮ ಪತ್ರ ಕೊಟ್ಟಾಗಲೂ ಹಾಗೆಯೇ ಆಗಿತ್ತು. ಆದರೆ ಆ ಸಲ ಮೇಲೆ ನನ್ನ ಹೆಸರೇ ಇತ್ತು.

ಬೇಕಾದವರಿಗೆ ಸರಿಯಾದ ಪ್ರತಿ ಕಳುಹಿಸುತ್ತೇನೆ ಎಂದು ನೀವು ಬರೆದಿದ್ದಿರಿ. ನನಗೆ ಕಳುಹಿಸಲಿಲ್ಲ. ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನಾವುಂದವನ್ನು ನಾವುಂದದಲ್ಲೂ ತ್ರಾಸಿಯನ್ನು ತ್ರಾಸಿಯಲ್ಲೂ ಇಟ್ಟು ನೋಡಿದರೆ, ನಮ್ಮದು ಏನು ಬರುತ್ತದೆ?

ಸುಧಾಕರ


ತ್ರಾಸಿ
27 ಫೆಬ್ರವರಿ 2004

ಸುಧಾಕರ ಅವರೇ,

ಉತ್ತರ ತಡವಾಯಿತು. ಹಾಕಿ ನೋಡಲು ಹೊತ್ತು ಬೇಕಾಗಿ ತಡವಾದದ್ದಲ್ಲ. ಅದನ್ನು ಬ್ರಹ್ಮಾವರದಿಂದ ಬಂದ ದಿನವೇ ಹಾಕಿ ನೋಡಿದ್ದೆ. ಬೇರೆ ಯಾರಿಗೂ ಪತ್ರ ಬರೆಯುವ ಮೊದಲು ನೋಡಿದ್ದು ಅದೊಂದನ್ನೇ.

ನನ್ನದು ಅನುರಾಧಾ. ಅದು ಬದಲಾಗಲಿಲ್ಲ. ನಿಮ್ಮದು ಆ ಹಾಳೆಯಲ್ಲಿ ಮೃಗಶಿರಾ ಎಂದಿದೆ. ಎರಡಕ್ಕೂ ನಾಡಿ ಒಂದೇ, ಆದ್ದರಿಂದ ಕೂಡುವುದಿಲ್ಲ ಎಂದು ಬಂದಿತ್ತು. ಊರು ಸರಿಮಾಡಿ ಹತ್ತು ಗಂಟೆ ಎಂದು ಹಾಕಿದರೆ ನಿಮ್ಮದು ರೋಹಿಣಿ. ಕೂಡುತ್ತದೆ. ಚೆನ್ನಾಗಿಯೇ ಕೂಡುತ್ತದೆ.

ಆ ದಿನ ಇದನ್ನು ನೋಡಿ ನಾನು ಜಗಲಿಯಿಂದ ಎದ್ದು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತು ಬಿಟ್ಟು ಬಂದು, ಹತ್ತು ಗಂಟೆ ಎಂಬುದು ನಿಮ್ಮ ಮಾವನ ಅಂದಾಜು ಎಂಬುದು ನೆನಪಾಗಿ, ಬೇರೆ ಹೊತ್ತುಗಳನ್ನೂ ಹಾಕಿ ನೋಡಿದೆ. ಹನ್ನೊಂದೂವರೆಯವರೆಗೆ ರೋಹಿಣಿ. ಆಮೇಲೆ ಮೃಗಶಿರಾ. ಹನ್ನೊಂದೂವರೆಯ ನಂತರ ಹುಟ್ಟಿದ್ದರೆ ಮೆಷಿನ್ ಕೆಟ್ಟಿದ್ದಾಗಲೂ ಹೇಳಿದ್ದು ಸರಿಯೇ.

ಸೆಪ್ಟೆಂಬರಿನಲ್ಲಿ ನಿಮಗೆ ಬರೆಯದೆ ಬಿಟ್ಟದ್ದು ಇದನ್ನು. ಅರ್ಧ ಮಾತ್ರ ಬರೆಯಬಹುದಿತ್ತು. ಹತ್ತು ಗಂಟೆಯದ್ದನ್ನು ಅಚ್ಚು ತೆಗೆದು ಕಳುಹಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡುವುದಾದರೆ ಊರಿಗೆಲ್ಲ ಪತ್ರ ಬರೆದದ್ದು ಯಾಕೆ ಎಂದು ಅನ್ನಿಸಿತು.

ರಂಪಣಿ ಬಲೆಯನ್ನು ಊರೆಲ್ಲ ಸೇರಿ ದಡಕ್ಕೆ ಎಳೆಯುವುದೆಂದರೆ ಬೆಳಗಿನಿಂದ ಮಧ್ಯಾಹ್ನದವರೆಗೂ ನಡೆಯುವ ಕೆಲಸ. ನೀವು ಹುಟ್ಟುವಾಗ ಬಲೆ ಇನ್ನೂ ನೀರಿನಲ್ಲಿತ್ತೇ, ದಡಕ್ಕೆ ಬಂದಿತ್ತೇ? ನಿಮ್ಮ ತಾಯಿಯನ್ನು ಕೇಳಿ. ಅವರಿಗೆ ಯಾಕೆ ಎಂದು ಮೊದಲು ಹೇಳಬೇಡಿ.

ಉಮಾವತಿ


ನಾವುಂದ
11 ಏಪ್ರಿಲ್ 2004

ಉಮಾವತಿ ಅವರೇ,

ರಜೆ ತೆಗೆದುಕೊಂಡು ಬಂದಿದ್ದೇನೆ. ಕುಂದಾಪುರದಲ್ಲಿ ರೈಲು ಇಳಿದು ಬಸ್ಸು ಹತ್ತಿದೆ. ತ್ರಾಸಿ ಬಂದಾಗ ಎದ್ದು ಬಾಗಿಲವರೆಗೆ ಹೋದೆ. ಕಂಡಕ್ಟರ್, "ಇಳೀತ್ರ್ಯಾ ಇಲ್ಯಾ? ಬಾಗ್ಲಂಗೆ ನಿಂತ್ಕಂಡ್ ಕಡಲ್ ಕಾಂಬುದಾ?" ಎಂದ. ಇಳಿಯಲಿಲ್ಲ. ಉತ್ತರ ಇಲ್ಲದೆ ನಿಮ್ಮ ಎದುರಿಗೆ ಬಂದು ಏನು ಹೇಳುವುದು?

ಅಬ್ಬಿ ಅಂಗಳದಲ್ಲಿ ಸಿಗಡಿ ಒಣಹಾಕುತ್ತಿದ್ದರು. ನೀವು ಹೇಳಿದ ಹಾಗೆಯೇ ಕೇಳಿದೆ.

"ಅಬ್ಬಿ, ನಾ ಹುಟ್ಟುವತಿಗೆ ಬಲಿ ನೀರಂಗಿತ್ತಾ, ಮೇಲ್ ಬಂದಿತ್ತಾ?"

"ಹೆರುವತಿಗೆ ನಾನ್ ಕಡಲ್ ಕಾಂತಾ ಕೂಕಂಡಿದ್ನಾ?"

"ಒಂಚೂರ್ ನೆನ್ಪ್ ಮಾಡ್."

"ಗಲಾಟಿ ಕೇಂತಿತ್ತ್. ಎಳುವತಿಗೂ ಗಲಾಟಿ, ಮೀನ್ ಪಾಲ್ ಮಾಡುವತಿಗೂ ಗಲಾಟಿ. ಯಾವ್ದಂದ್ ಹೇಳುದ್?" ಆಮೇಲೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಈಗ ಎಂತಕ್ಕ್ ಕೇಂತೆ?"

ಹೇಳದಿರಲು ಆಗಲಿಲ್ಲ. ತ್ರಾಸಿ ಎಂದೆ. ಆ ಹಾಳೆಯ ತಪ್ಪನ್ನೂ ಹೇಳಿದೆ.

"ಆ ಹೆಣ್ಣಿಗ್ ಇನ್ನೂ ಮದಿ ಆಯಿಲ್ಯಾ?"

"ಇಲ್ಲೆ."

"ಯಾವ್ ಹೊತ್ತಾರೆ ಕೂಡ್ತಂಬ್ರ್?"

"ಹನ್ನೊಂದೂವರಿ ಒಳ್ಗೆ."

"ಹಾಂಗಾರೆ ಹನ್ನೊಂದ್ ಗಂಟಿಗ್ ಹುಟ್ಟಿದೆ. ಬರ್ಕೋ" ಎಂದು ಮತ್ತೆ ಸಿಗಡಿ ಹರಡತೊಡಗಿದರು.

ಗಣಪ ಮಾವನಿಗೂ ಹೇಳಿದೆ. ವೈರಸ್ಸು, ಫೈಲು ಎಲ್ಲ ಕೇಳಿಸಿಕೊಂಡು, "ಮೆಷಿನಿಗ್ ಹುಶಾರಿಲ್ದೆ ಇದ್ದಿತ್ತಂಬ್ರಾ? ಈಗ ಗುಣ ಆಯಿತ್ತಾ? ಹಾಂಗಾರೆ ಇನ್ನೊಂದ್ ಹಾಳಿ ತಕಂಡ್ ಬಾ. ಅದ್ರಂಗೆ ಕೂಡ್ತ್ ಅಂತಿದ್ರೆ ನಾನೇ ಹೋಯಿ ಮಾತಾಡ್ತೆ. ಇಲ್ದಿರೆ ಆ ಸುದ್ದಿ ಬ್ಯಾಡ" ಎಂದರು. ಅವರನ್ನು ಬಿಟ್ಟು ನಮ್ಮ ಮನೆಯಲ್ಲಿ ಇಂಥದ್ದು ನಡೆಯುವುದಿಲ್ಲ. ಇದುವರೆಗೆ ನಡೆದಿಲ್ಲ.

ಈಗ ಎಲ್ಲ ಒಂದು ಹಾಳೆಯ ಮೇಲೆ ನಿಂತಿದೆ. ನೀವು ಹನ್ನೊಂದು ಎಂದು ಒತ್ತಿದರೆ ಸಾಕು. ಸುಳ್ಳೆಂದು ಯಾರೂ ಹೇಳಲಾರರು. ನಿಜವೇ ಇದ್ದೀತು. ನಾನಾಗಿದ್ದರೆ ಒತ್ತುತ್ತಿದ್ದೆನೇನೋ. ಆದರೆ ಒತ್ತಿ ಎಂದು ನಿಮಗೆ ಹೇಳಲು ಬಾಯಿ ಬರುವುದಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ತೆಗೆಯಲು ಬರುತ್ತದೆಯೇ ನೋಡಿ.

ಇಪ್ಪತ್ತನೆಯ ತಾರೀಕಿನ ರೈಲಿಗೆ ಹಿಂದಿರುಗಬೇಕು.

ಸುಧಾಕರ


ತ್ರಾಸಿ
15 ಏಪ್ರಿಲ್ 2004

ಸುಧಾಕರ ಅವರೇ,

ನಾವುಂದದಿಂದ ತ್ರಾಸಿಗೆ ನಿಮ್ಮ ಪತ್ರ ಬರಲು ಮೂರು ದಿನ ಹಿಡಿಯಿತು. ನಡೆದುಕೊಂಡು ಬಂದಿದ್ದರೂ ಮಧ್ಯಾಹ್ನದ ಊಟಕ್ಕೆ ತಲುಪುತ್ತಿದ್ದಿರಿ. ಇದನ್ನು ಅಂಚೆಗೆ ಹಾಕದೆ ಬಸ್ಸಿನವರ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಖಾಲಿ ಬಿಟ್ಟು ನೋಡಿದೆ. ಬರುವುದಿಲ್ಲ. ಅಣ್ಣ ಹಿಂದೆ ಹೇಳಿದ ಹಾಗೆ ಮುಂದೆ ಹೋಗಲು ಬಿಡುವುದಿಲ್ಲ, ಕಿರ್ ಎಂದು ಸದ್ದು ಮಾಡಿ ಅಲ್ಲೇ ನಿಲ್ಲುತ್ತದೆ.

ಹನ್ನೊಂದು ಎಂದೂ ಬರೆದೆ. ಬರೆದು, ಒತ್ತದೆ, ಅದನ್ನೇ ನೋಡುತ್ತ ಕುಳಿತೆ. ಅತ್ತಿಗೆ ಮಗುವಿಗೆ ಎಣ್ಣೆ ಹಚ್ಚುತ್ತ ಪಕ್ಕದಲ್ಲೇ ಇದ್ದರು. ನಿಮ್ಮ ತಾಯಿ ಹೇಳಿದ್ದನ್ನು ಅವರಿಗೆ ಓದಿ ಹೇಳಿದೆ. "ನಿಂಗ್ ಅತ್ತಿ ಆಪರೇ ಒಪ್ಪಿ ಆಯ್ತಲೇ, ಒತ್ ಮಾರಾಯ್ತಿ, ಇನ್ನ್ ಎಂತ ಕಾಂಬುದ್?" ಎಂದರು. ನನಗೂ ಒತ್ತಬೇಕೆಂದೇ ಇತ್ತು. ಇಷ್ಟು ವರ್ಷ ಬೇರೆ ಏನೂ ಬೇಕೆನಿಸಿರಲಿಲ್ಲ ಎಂದು ಬರೆದರೆ ಈಗ ತಪ್ಪಿಲ್ಲ.

ಆದರೆ ಮೆಷಿನ್ ಮಾಡಿದ್ದೂ ಇದನ್ನೇ ಅಲ್ಲವೇ? ಊರು ಎಲ್ಲಿದೆ ಎಂದು ಅದಕ್ಕೆ ತಿಳಿಯಲಿಲ್ಲ. ತಿಳಿಯದು ಎಂದು ಹೇಳುವ ಬದಲು ಸೊನ್ನೆ ಎಂದುಕೊಂಡು ಮುಂದೆ ಹೋಯಿತು. ನಾನು ಹನ್ನೊಂದು ಎಂದುಕೊಂಡು ಮುಂದೆ ಹೋದರೆ ಅದಕ್ಕೂ ನನಗೂ ಏನು ವ್ಯತ್ಯಾಸ? ನೀವು ಯಾವ ಹೊತ್ತಿಗೆ ಹುಟ್ಟಿದಿರೋ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ನಾನು ಬರಲು ಸಿದ್ಧಳಿದ್ದೇನೆ. ಕೂಡದ ಹೊತ್ತೇ ಆಗಿದ್ದರೂ.

ಗಣಪ ಮಾವನಿಗೆ ಹಾಳೆ ಬರುವುದಿಲ್ಲ ಎಂದು ಹೇಳಿ. ಅವರಿಗೆ ಕೇಳುವುದಿದ್ದರೆ ಇಲ್ಲಿಗೆ ಬಂದು ನನ್ನನ್ನು ಕೇಳಲಿ. ಈ ಭಾನುವಾರ ನೀವು ತ್ರಾಸಿಯಲ್ಲಿ ಇಳಿಯಿರಿ. ನಿಮ್ಮ ತಾಯಿಯನ್ನೂ ಕರೆದುಕೊಂಡು ಬನ್ನಿ. ಮಾವ ಬಂದರೆ ಕಾಫಿ ಕೊಡುತ್ತೇವೆ. ಬಾರದಿದ್ದರೂ ಮಾತು ನಡೆಯುತ್ತದೆ. ನಡೆಯಬೇಕು.

ಇವತ್ತು ಬೆಳಿಗ್ಗೆ ಜಾತಕದ ಪ್ರೋಗ್ರಾಮನ್ನು ಕಂಪ್ಯೂಟರಿನಿಂದ ತೆಗೆದುಹಾಕಿದೆ. ಅಣ್ಣ ನೋಡಿ, "ಎಂತ ಮಾಡ್ದೆ ಹೆಣೇ? ಜನ ಬಂದ್ರೆ ಎಂತ ಹೇಳುದ್?" ಎಂದ. "ಭಟ್ರ ಮನಿಗ್ ಹೋಯಿ ಅನ್ನ್" ಎಂದೆ. ಅವನು ಇನ್ನೂ ಮಾತಾಡಿಲ್ಲ. ಭಾನುವಾರದೊಳಗೆ ಆಡುತ್ತಾನೆ.

ತೆಗೆಯುವ ಮೊದಲು ಅದು ಒಂದು ಪ್ರಶ್ನೆ ಕೇಳಿತು. ಇದು ನಿಮ್ಮ ಖಚಿತ ನಿರ್ಧಾರವೇ ಎಂದು. ಎಲ್ಲ ಪ್ರೋಗ್ರಾಂಗಳೂ ಹಾಗೆ ಕೇಳುತ್ತವೆ, ಹೊಸದೇನಲ್ಲ. ಆದರೆ ಆ ಫೆಬ್ರವರಿಯಲ್ಲಿ ನಮ್ಮ ಜಗಲಿಯಲ್ಲಿ ಅಷ್ಟು ಜನ ಕುಳಿತಿದ್ದರು, ಒಬ್ಬರೂ ನನ್ನನ್ನಾಗಲಿ ನಿಮ್ಮನ್ನಾಗಲಿ ಇದನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಅದನ್ನು ಓದಿದೆ. ಆಮೇಲೆ ಹೌದು ಎಂದು ಒತ್ತಿದೆ.

ಉಮಾವತಿ